ಗೆಳೆಯರೊಡನೆ ಮೊದಲ ಜಾತ್ರೆ: ಹದಿಹರೆಯದ ಮಕ್ಕಳನ್ನು ಕಳುಹಿಸಿಕೊಡುವ ಮುನ್ನ



ಭತ್ತದ ಕೊಯ್ಲು ಮುಗಿದು, ರಾಗಿ ಕಣ ಸೇರಿ, ಬನದ ಹುಣ್ಣಿಮೆ ಹತ್ತಿರವಾಗುತ್ತಲೇ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಹಳ್ಳಿಗಳಲ್ಲಿ ಚಿಕ್ಕಲ್ಲೂರು ಜಾತ್ರೆಯ ಮಾತು ಆರಂಭವಾಗುತ್ತದೆ. ಹಿಂದೆ ಎತ್ತಿನ ಗಾಡಿ ಕಟ್ಟಿಕೊಂಡು, ಪಾತ್ರೆಪಡಗ, ಅಕ್ಕಿ, ರಾಗಿಹಿಟ್ಟು ಹೇರಿಕೊಂಡು ಮನೆಮಂದಿಯೆಲ್ಲ ಒಟ್ಟಾಗಿ ಹೊರಡುವುದು ವಾಡಿಕೆಯಾಗಿತ್ತು. ಇಂದು ಗಾಡಿಯ ಸ್ಥಾನದಲ್ಲಿ ಬಸ್ಸು, ಟೆಂಪೊಗಳು ಬಂದಿವೆ. ಇನ್ನೊಂದು ಬದಲಾವಣೆಯೂ ಆಗಿದೆ. ನಿನ್ನೆಯವರೆಗೆ ನಿಮ್ಮ ಸೆರಗು ಹಿಡಿದು ಜಾತ್ರೆಗೆ ಬರುತ್ತಿದ್ದ ಮಗ, ಹದಿನಾರು ಹದಿನೇಳನೆಯ ವಯಸ್ಸಿನಲ್ಲಿ, "ಅವ್ವಾ, ಈ ಸಲ ನಾನು ನಮ್ಮ ಹುಡುಗರ ಜೊತೇಲಿ ಹೋಗ್ತೀನಿ ಕಣವ್ವಾ" ಎಂದು ಕೇಳುತ್ತಾನೆ. ಕಾಲೇಜಿಗೆ ಹೋಗುವ ಮಗಳೂ ತನ್ನ ಗೆಳತಿಯರೊಡನೆ ಹೋಗುವೆನೆಂದು ಕೇಳಬಹುದು.

ಆಗ ಏನು ಹೇಳಬೇಕು? ಸಿಟ್ಟಿನಿಂದ ಬೇಡವೆಂದರೆ ಹೇಳದೆ ಹೋಗಬಹುದೆಂಬ ಅಂಜಿಕೆ. ಹೋಗೆಂದರೆ ಏನಾಗುವುದೋ ಎಂಬ ಚಿಂತೆ. ಈ ಎರಡರ ನಡುವೆ ಮಕ್ಕಳನ್ನು ತಕ್ಕಂತೆ ಸಿದ್ಧಗೊಳಿಸಿ ಕಳುಹಿಸುವ ದಾರಿಯೊಂದಿದೆ. ಅದನ್ನು ತಿಳಿಸುವುದೇ ಈ ಲೇಖನದ ಉದ್ದೇಶ. ಇಲ್ಲಿ ಚಿಕ್ಕಲ್ಲೂರನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದರೂ, ಮಹದೇಶ್ವರ ಬೆಟ್ಟದ ಪಾದಯಾತ್ರೆಗಾಗಲಿ, ಶಿವರಾತ್ರಿಯ ಕಾಲದ ಕಪ್ಪಡಿ ಜಾತ್ರೆಗಾಗಲಿ, ರಾತ್ರಿ ತಂಗಬೇಕಾದ ಯಾವುದೇ ಉತ್ಸವಕ್ಕಾಗಲಿ ಈ ಮಾತುಗಳು ಅನ್ವಯಿಸುತ್ತವೆ.

ಮಕ್ಕಳು ಏಕೆ ಹೋಗಬಯಸುತ್ತಾರೆ?

ಚಾಮರಾಜನಗರ ಜಿಲ್ಲೆಯಲ್ಲಿ, ಕೊಳ್ಳೇಗಾಲದಿಂದಾಚೆ ಕಾಡಿನ ಅಂಚಿನಲ್ಲಿರುವ ಚಿಕ್ಕಲ್ಲೂರಿನಲ್ಲಿ ಸಿದ್ಧಪ್ಪಾಜಿಯ ಗದ್ದುಗೆಯಿದೆ. ಬನದ ಹುಣ್ಣಿಮೆಯ ರಾತ್ರಿ ಚಂದ್ರಮಂಡಲೋತ್ಸವದೊಂದಿಗೆ ಆರಂಭವಾಗುವ ಜಾತ್ರೆ ಐದು ದಿನ ನಡೆಯುತ್ತದೆ. ಭಕ್ತರು ಸುತ್ತಣ ಹೊಲ, ಬಯಲುಗಳಲ್ಲಿ ಬಿಡಾರ ಹೂಡಿ, ಅಲ್ಲಿಯೇ ಅಡುಗೆ ಮಾಡಿ, ಅಲ್ಲಿಯೇ ಮಲಗುತ್ತಾರೆ. ಕುಲ ಜಾತಿಗಳ ಎಣಿಕೆಯಿಲ್ಲದೆ ಒಂದೇ ಸಾಲಿನಲ್ಲಿ ಕುಳಿತು ಉಣ್ಣುವ ಪಂಕ್ತಿಸೇವೆ ಇಲ್ಲಿಯ ಹಿರಿಮೆ. ತಂಬೂರಿ, ಗಗ್ಗರ, ತಾಳಗಳೊಡನೆ ನೀಲಗಾರರು ಮಂಟೇಸ್ವಾಮಿಯ ಕಾವ್ಯವನ್ನು ಹಾಡುತ್ತಾರೆ. ಕೇಳುವವರು ಕಂಬಳಿ ಹೊದ್ದು ಬೆಳಗಾಗುವವರೆಗೂ ಕೇಳುತ್ತಾರೆ.

ಈ ಕಥೆ ನಮ್ಮ ಸೀಮೆಯದೇ. ಮದ್ದೂರಿನ ಬಳಿಯ ನಿಡಘಟ್ಟದ ಆಚಾರಿ ಮನೆಯ ಹುಡುಗ ಕೆಂಪಾಚಾರಿಯೇ ಮುಂದೆ ಸಿದ್ಧಪ್ಪಾಜಿಯಾದನೆಂದು ಕಾವ್ಯ ಹೇಳುತ್ತದೆ. ಅವನು ಕಬ್ಬಿಣದ ಭಿಕ್ಷೆಗಾಗಿ ಹೋಗಿ ಕಷ್ಟಕ್ಕೊಳಗಾದುದು ಮಳವಳ್ಳಿ ತಾಲ್ಲೂಕಿನ ಹಲಗೂರಿನಲ್ಲಿ. ಮಂಟೇಸ್ವಾಮಿಯ ಮಠವಿರುವ ಬೊಪ್ಪೇಗೌಡನಪುರವೂ ಮಳವಳ್ಳಿ ತಾಲ್ಲೂಕಿನದೇ. ಹೀಗೆ ಮನೆ ಬಿಟ್ಟು ಹೊರಟ ಹುಡುಗನೊಬ್ಬನ ಕಥೆಯನ್ನು ಕೇಳಲು ನಿಮ್ಮ ಮಗನೋ ಮಗಳೋ ಆಶಿಸಿದರೆ ಅದರಲ್ಲಿ ತಪ್ಪೇನೂ ಇಲ್ಲ. ತಮ್ಮ ಒಲೆ ತಾವೇ ಹೂಡಿ, ತಮ್ಮ ಹಣ ತಾವೇ ಲೆಕ್ಕಹಾಕಿ, ನಾಲ್ಕು ಜನರೊಡನೆ ಹೊಂದಿಕೊಂಡು ಬರುವುದು ಮುಂದಿನ ಸಂಸಾರಕ್ಕೆ ಒಳ್ಳೆಯ ಪಾಠವೂ ಹೌದು.

ಹದಿಹರೆಯದ ಸ್ವಭಾವ

ಹತ್ತರಿಂದ ಹತ್ತೊಂಬತ್ತು ವರ್ಷಗಳವರೆಗಿನ ಕಾಲವನ್ನು ಹದಿಹರೆಯವೆಂದು ಕರೆಯುತ್ತೇವೆ. ಈ ಕಾಲದಲ್ಲಿ ದೇಹ ಬೇಗಬೇಗನೆ ಬೆಳೆಯುತ್ತದೆ. ಹುಡುಗನ ದನಿ ಒಡೆದು ಮೀಸೆ ಚಿಗುರುತ್ತದೆ, ಹುಡುಗಿ ಮೈನೆರೆಯುತ್ತಾಳೆ. ನೋಡುವವರಿಗೆ ಅವರು ದೊಡ್ಡವರಂತೆ ಕಾಣುತ್ತಾರೆ. ಆದರೆ ಮುಂದಾಗುವುದನ್ನು ಯೋಚಿಸಿ, ಆವೇಗವನ್ನು ತಡೆದು ನಿರ್ಧಾರ ಕೈಗೊಳ್ಳಲು ನೆರವಾಗುವ ಮಿದುಳಿನ ಭಾಗವು ಇಪ್ಪತ್ತೈದರ ಆಸುಪಾಸಿನವರೆಗೂ ಬಲಿಯುತ್ತಲೇ ಇರುತ್ತದೆ. ಒಬ್ಬನೇ ಇದ್ದಾಗ ಎಚ್ಚರಿಕೆಯಿಂದ ನಡೆಯುವ ಹುಡುಗನೂ ಗೆಳೆಯರ ಗುಂಪಿನಲ್ಲಿ "ನೀನೇನು ಹೆದರುಪುಕ್ಕಲನೇ?" ಎಂಬ ಒಂದು ಮಾತಿಗೆ ಹೊಳೆಗೆ ಧುಮುಕಬಹುದು.

ಇದು ಮಕ್ಕಳ ಕೆಟ್ಟತನದ ಗುರುತಲ್ಲ, ವಯಸ್ಸಿನ ಸ್ವಭಾವ. ಗುಂಪಿನ ನಡುವೆ ನಿಂತು ಆ ಕ್ಷಣದಲ್ಲಿ ಹೊಸದಾಗಿ ಯೋಚಿಸುವುದು ಅವರಿಗೆ ಕಷ್ಟ. ಆದುದರಿಂದ ಯೋಚಿಸಬೇಕಾದುದನ್ನು ಮನೆಯಲ್ಲಿ, ಸಮಾಧಾನದಿಂದಿರುವಾಗ, ಮೊದಲೇ ಯೋಚಿಸಿ ಮಾತನಾಡಿಕೊಂಡಿರಬೇಕು. ಜಾತ್ರೆಗೆ ಸಿದ್ಧಗೊಳಿಸುವುದೆಂದರೆ ಮುಖ್ಯವಾಗಿ ಇದೇ.

ಮೊದಲು ಗಂಡಹೆಂಡಿರಲ್ಲಿ ಒಮ್ಮತವಿರಲಿ

ತಂದೆ ಬೇಡವೆಂದು ಗದರಿಸುವುದು, ತಾಯಿ ಮರುಗಿ ಗುಟ್ಟಾಗಿ ಹಣ ಕೊಟ್ಟು ಕಳುಹಿಸುವುದು ಅನೇಕ ಮನೆಗಳಲ್ಲಿ ನಡೆಯುವ ಸಂಗತಿ. ಇದರಿಂದ ಬಹಳ ತೊಂದರೆಯಿದೆ. ತಂದೆಗೆ ತಿಳಿಯದಂತೆ ಹೋದ ಮಗ, ಅಲ್ಲಿ ಕಷ್ಟಕ್ಕೆ ಸಿಲುಕಿದರೆ ತಂದೆಗೆ ತಿಳಿಸಲಾರ. ಆದಕಾರಣ ಮಕ್ಕಳು ಕೇಳಿದ ಕೂಡಲೇ ಉತ್ತರ ಕೊಡದೆ, "ನಿಮ್ಮಪ್ಪನೂ ನಾನೂ ಮಾತಾಡಿ ಹೇಳ್ತೀವಿ" ಎಂದು ಹೇಳಿ, ರಾತ್ರಿ ಊಟವಾದ ಮೇಲೆ ನೀವಿಬ್ಬರೂ ಕುಳಿತು ವಿಚಾರ ಮಾಡಿರಿ. ಮನೆಯ ಹಿರಿಯರ ಅಭಿಪ್ರಾಯವನ್ನೂ ಕೇಳಿರಿ. ಕೊನೆಗೆ ಇಬ್ಬರ ಬಾಯಿಂದಲೂ ಒಂದೇ ಮಾತು ಬರಲಿ.

ಮಗನಿಗೊಂದು ನ್ಯಾಯ, ಮಗಳಿಗೊಂದು ನ್ಯಾಯವಾಗದಂತೆಯೂ ನೋಡಿಕೊಳ್ಳಿರಿ. ಮಗಳ ವಿಷಯದಲ್ಲಿ ಹೆಚ್ಚು ಅಂಜುವ ಕೆಲವು ತಂದೆತಾಯಿಯರು ಮಗನ ವಿಷಯದಲ್ಲಿ ಏನನ್ನೂ ಕೇಳುವುದೇ ಇಲ್ಲ. ಆದರೆ ನೀರಿನ ಸುಳಿ, ಮದ್ಯ, ಮೋಟಾರ್ ಸೈಕಲ್ಲಿನ ವೇಗ, ಇವುಗಳಿಗೆ ಹೆಚ್ಚಾಗಿ ಬಲಿಯಾಗುವವರು ಗಂಡುಮಕ್ಕಳೇ. ಕೇಳಬೇಕಾದ ಪ್ರಶ್ನೆಗಳನ್ನು ಇಬ್ಬರಿಗೂ ಕೇಳಿರಿ. ಕೊಡಬೇಕಾದ ತಿಳುವಳಿಕೆಯನ್ನು ಇಬ್ಬರಿಗೂ ಕೊಡಿರಿ.

ಹೊರಡುವ ಮುನ್ನ ಇತ್ಯರ್ಥವಾಗಬೇಕಾದ ಸಂಗತಿಗಳು

ಮಗನನ್ನೋ ಮಗಳನ್ನೋ ಎದುರಿಗೆ ಕೂರಿಸಿಕೊಂಡು ಈ ಐದು ವಿಷಯಗಳನ್ನು ಕೇಳಿರಿ. ಉತ್ತರವನ್ನು ಅವರೇ ಹೇಳಲಿ, ನೀವು ಕೇಳುವವರಾಗಿರಿ.

1. ಯಾರು ಯಾರು ಹೋಗುವಿರಿ? ಗುಂಪಿನಲ್ಲಿ ಹಿಂದೆ ಅಲ್ಲಿಗೆ ಹೋಗಿ ದಾರಿ ಬಲ್ಲ ಹಿರಿಯರೊಬ್ಬರಾದರೂ ಇರುವರೇ? ಪ್ರತಿಯೊಬ್ಬನ ಮನೆಯವರಿಗೂ ತಿಳಿದಿದೆಯೇ?

2. ಹೇಗೆ ಹೋಗುವಿರಿ, ಹೇಗೆ ಮರಳುವಿರಿ?

3. ಎಲ್ಲಿ ತಂಗುವಿರಿ? ನಮ್ಮ ಊರಿನವರ ಬಿಡಾರ ಎಷ್ಟು ದೂರದಲ್ಲಿರುತ್ತದೆ?

4. ಎಷ್ಟು ಹಣ ಬೇಕು, ಯಾವುದಕ್ಕೆ?

5. ಯಾವ ದಿನ, ಯಾವ ಹೊತ್ತಿಗೆ ಮನೆಗೆ ಬರುವಿರಿ? ತಡವಾದರೆ ಯಾರಿಗೆ ತಿಳಿಸುವಿರಿ?

ಇವಕ್ಕೆ ನೇರವಾದ ಉತ್ತರ ದೊರೆಯದಿದ್ದರೆ ಮಗು ಇನ್ನೂ ಸಿದ್ಧವಾಗಿಲ್ಲವೆಂದು ತಿಳಿಯಿರಿ. ಗದರದೆ, "ಇದನ್ನೆಲ್ಲ ವಿಚಾರಿಸಿಕೊಂಡು ಬಾ, ಆಮೇಲೆ ಮಾತಾಡೋಣ" ಎಂದು ಹೇಳಿರಿ. ಗೆಳೆಯರ ತಂದೆತಾಯಿಯರನ್ನು ನೀವೇ ಒಮ್ಮೆ ಕಂಡು ಮಾತನಾಡುವುದು ಉತ್ತಮ. ನಾಲ್ಕು ಮನೆಯವರ ನಿಯಮ ಒಂದೇ ಆದರೆ, "ಅವರ ಮನೆಯಲ್ಲಿ ಬಿಟ್ಟಿದ್ದಾರೆ" ಎಂಬ ತಕರಾರು ಏಳುವುದಿಲ್ಲ.

ಐದು ದಿನಗಳೂ ಹೋಗಬೇಕೆಂಬ ನಿಯಮವೇನಿಲ್ಲ. ಮೊದಲ ವರ್ಷ ಒಂದು ರಾತ್ರಿ ಸಾಕು. ಅದಕ್ಕೂ ಮೊದಲು ಊರಹಬ್ಬದಲ್ಲಿ ಅಥವಾ ಹತ್ತಿರದ ಜಾತ್ರೆಯಲ್ಲಿ ಗೆಳೆಯರೊಡನೆ ಬಿಟ್ಟು ನೋಡಬಹುದು. ಹೇಳಿದ ಹೊತ್ತಿಗೆ ಮರಳಿದವನಿಗೆ ಮುಂದಿನ ಸಲ ಇನ್ನಷ್ಟು ಬಿಡುವು ಕೊಡಿರಿ. ಮಗುವನ್ನು ಹೊಳೆಗೆ ಇಳಿಸುವ ಮುನ್ನ ಮೊಣಕಾಲುದ್ದದ ನೀರಿನಲ್ಲಿ ಈಜು ಕಲಿಸುವಂತೆಯೇ ಇದೂ.

ದಾರಿಯಲ್ಲಿ ಎಚ್ಚರಿಕೆ

ಜಾತ್ರೆಯ ದಿನಗಳಲ್ಲಿ ಹೆಚ್ಚಿನ ಬಸ್ಸುಗಳನ್ನು ಓಡಿಸುವುದುಂಟು. ಬಸ್ಸಿನ ಪ್ರಯಾಣವೇ ಎಲ್ಲಕ್ಕಿಂತ ಸುರಕ್ಷಿತ. ಕರ್ನಾಟಕದ ಹೆಣ್ಣುಮಕ್ಕಳಿಗೆ 2023ರ ಜೂನ್ ತಿಂಗಳಿನಿಂದ ಶಕ್ತಿ ಯೋಜನೆಯಡಿ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣವಿದೆ. ಗುರುತಿನ ಚೀಟಿಯನ್ನು ಮಗಳು ಜೊತೆಯಲ್ಲಿ ಇಟ್ಟುಕೊಳ್ಳಲಿ. ಸರಕು ಸಾಗಿಸುವ ಲಾರಿಯ ಹಿಂಬದಿಯಲ್ಲಾಗಲಿ, ಟ್ರ್ಯಾಕ್ಟರ್ ಟ್ರೈಲರಿನಲ್ಲಾಗಲಿ, ಬಸ್ಸಿನ ಮೇಲ್ಛಾವಣಿಯ ಮೇಲಾಗಲಿ ಕುಳಿತು ಹೋಗಬಾರದು.

ಒಂದೇ ಮೋಟಾರ್ ಸೈಕಲ್ಲಿನ ಮೇಲೆ ಮೂವರು ಕುಳಿತು, ಹೆಲ್ಮೆಟ್ ಇಲ್ಲದೆ, ನಿದ್ದೆಗೆಟ್ಟ ಕಣ್ಣಿನಲ್ಲಿ ಮರಳಿಬರುವ ಹುಡುಗರನ್ನು ನೀವೂ ಕಂಡಿರಬಹುದು. ಹದಿನೆಂಟು ತುಂಬದ ಮಗನಿಗೆ ನಿಮ್ಮ ಮೋಟಾರ್ ಸೈಕಲ್ಲಿನ ಬೀಗದಕೈ ಕೊಡಬೇಡಿರಿ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನಗಳ ಕಾಯಿದೆಯಂತೆ, ಅಪ್ರಾಪ್ತ ವಯಸ್ಸಿನವರು ವಾಹನ ನಡೆಸಿ ತಪ್ಪೆಸಗಿದರೆ ತಂದೆತಾಯಿ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡವನ್ನೂ 3 ವರ್ಷಗಳವರೆಗಿನ ಸೆರೆವಾಸವನ್ನೂ ವಿಧಿಸಬಹುದು. ದಂಡಕ್ಕಿಂತ ಮಗುವಿನ ಪ್ರಾಣ ದೊಡ್ಡದೆಂಬುದನ್ನು ಹೇಳಬೇಕಾದುದಿಲ್ಲ.

ಮಳವಳ್ಳಿಯಿಂದ ಕೊಳ್ಳೇಗಾಲದ ಕಡೆಗೆ ಹೋಗುವವರಿಗೆ ಶಿವನಸಮುದ್ರ ದಾರಿಯಲ್ಲಿಯೇ ಸಿಗುತ್ತದೆ. ಗಗನಚುಕ್ಕಿ, ಭರಚುಕ್ಕಿಗಳನ್ನು ನೋಡಿಕೊಂಡು ಹೋಗೋಣವೆಂದು ಹುಡುಗರು ಇಳಿಯುವುದು ಸಹಜ. ನೋಡುವುದಕ್ಕೆ ಅಡ್ಡಿಯಿಲ್ಲ, ನೀರಿಗೆ ಇಳಿಯುವುದು ಮಾತ್ರ ಬೇಡ. ಕಾವೇರಿಯ ಮೇಲ್ಮೈ ಶಾಂತವಾಗಿ ಕಂಡರೂ ಬಂಡೆಗಳ ನಡುವೆ ಸುಳಿಗಳಿರುತ್ತವೆ. ಪಾಚಿಗಟ್ಟಿದ ಕಲ್ಲು ಕಾಲು ಜಾರಿಸುತ್ತದೆ. ಮೇಲಿನಿಂದ ನೀರು ಬಿಟ್ಟರೆ ಹರಿವು ಸ್ವಲ್ಪ ಹೊತ್ತಿನಲ್ಲಿಯೇ ಏರುತ್ತದೆ. ಊರಿನ ಕೆರೆ, ನಾಲೆಗಳಲ್ಲಿ ಈಜು ಕಲಿತವನಿಗೆ ಈ ಹೊಳೆಯ ಸೆಳೆತ ತಿಳಿದಿರುವುದಿಲ್ಲ. ಒಬ್ಬನು ಮುಳುಗುತ್ತಿದ್ದರೆ ಅವನ ಹಿಂದೆ ಧುಮುಕದೆ, ಪಂಚೆ, ಹಗ್ಗ ಅಥವಾ ಉದ್ದನೆಯ ಬಿದಿರುಗಳವನ್ನು ಎಸೆದು ಚಾಚಿ ಎಳೆಯಬೇಕು, ಕೂಗಿ ಜನರನ್ನು ಕರೆಯಬೇಕು ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿಕೊಡಿರಿ. ಒಬ್ಬನನ್ನು ಉಳಿಸಲು ಹೋಗಿ ಇಬ್ಬರು ಮೂವರು ಪ್ರಾಣ ಕಳೆದುಕೊಳ್ಳುವುದು ಹೀಗೆಯೇ.

ಬಿಡಾರದಲ್ಲಿ

ಬಿಡಾರವನ್ನು ನಮ್ಮ ಊರಿನವರ ಅಥವಾ ಬಂಧುಗಳ ಬಿಡಾರದ ಬಳಿಯಲ್ಲಿಯೇ ಹೂಡಬೇಕು. ವಾಹನಗಳು ಓಡಾಡುವ ಜಾಗದಲ್ಲಿ, ವಿದ್ಯುತ್ ತಂತಿಯ ಕೆಳಗೆ, ಕಾಡಿನ ಅಂಚಿಗೆ ಅಂಟಿಕೊಂಡು ಮಲಗಬಾರದು. ಆ ಪ್ರದೇಶದ ಕಾಡುಗಳಲ್ಲಿ ಆನೆ, ಚಿರತೆಗಳ ಸಂಚಾರವಿದೆ. ಕತ್ತಲಲ್ಲಿ ಒಬ್ಬರೇ ದೂರ ಹೋಗಬಾರದು. ಬಹಿರ್ದೆಸೆಗೆ ಹೋಗುವಾಗಲೂ ಇಬ್ಬರು ಜೊತೆಯಾಗಿ, ಬ್ಯಾಟರಿ ದೀಪ ಹಿಡಿದು, ಇರುವ ಶೌಚಾಲಯಗಳನ್ನೇ ಬಳಸಬೇಕು.

ಆ ಕಾಲದಲ್ಲಿ ರಾತ್ರಿಯ ಚಳಿ ಹೆಚ್ಚು. ಕಂಬಳಿ, ತಲೆಗೆ ಟೋಪಿ ಅಥವಾ ಟವೆಲು, ನೆಲಕ್ಕೆ ಹಾಸಲು ಟಾರ್ಪಾಲು ಇರಲಿ. ಚಳಿಯೆಂದು ಟಾರ್ಪಾಲಿನ ಒಳಗೆ ಕೆಂಡದ ಬಾಣಲೆ ಇಟ್ಟುಕೊಂಡು ಮಲಗುವುದು ಪ್ರಾಣಾಪಾಯ. ಕೆಂಡದಿಂದ ಏಳುವ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮಲಗಿದಂತೆಯೇ ಸಾಯಬಹುದು. ಬೆಂಕಿ ಹೊರಗೇ ಇರಲಿ; ಮಲಗುವ ಮುನ್ನ ನೀರು ಹಾಕಿ ಪೂರ್ತಿಯಾಗಿ ಆರಿಸಲಿ.

ಹಾವು ಕಡಿದರೆ ಗಾಯವನ್ನು ಕುಯ್ಯುವುದು, ಬಾಯಿಂದ ಹೀರುವುದು, ಹಗ್ಗದಿಂದ ಬಿಗಿಯಾಗಿ ಕಟ್ಟುವುದು, ಮಂತ್ರಹಾಕಿಸುತ್ತ ಹೊತ್ತು ಕಳೆಯುವುದು, ಇವು ಯಾವುವೂ ಕೂಡದು. ಕಡಿಸಿಕೊಂಡವರನ್ನು ನಡೆಸದೆ, ಕಡಿದ ಅಂಗವನ್ನು ಅಲುಗಾಡಿಸದೆ, ಕೂಡಲೇ 108 ಆಂಬುಲೆನ್ಸ್ ಕರೆಸಿ, ವಿಷಕ್ಕೆ ಮದ್ದಿನ ಇಂಜೆಕ್ಷನ್ ದೊರೆಯುವ ಸರ್ಕಾರಿ ಆಸ್ಪತ್ರೆಗೆ ಸಾಗಿಸಬೇಕು.

ಚಂದ್ರಮಂಡಲೋತ್ಸವದ ರಾತ್ರಿ ಜನಸಂದಣಿ ಬಹಳ. ನೂಕುನುಗ್ಗಲಿನ ಮಧ್ಯಕ್ಕೆ ಹೋಗದೆ ಬದಿಯಲ್ಲಿ ನಿಂತು ನೋಡಬೇಕು. ತಪ್ಪಿಸಿಕೊಂಡರೆ ಎಲ್ಲರೂ ಬಂದು ಸೇರಬೇಕಾದ ಒಂದು ಗುರುತಿನ ಜಾಗವನ್ನು ಹಗಲಿನಲ್ಲಿಯೇ ಗೊತ್ತುಮಾಡಿಕೊಂಡಿರಬೇಕು. ಮೊಬೈಲ್ ಫೋನ್ ಇದೆಯೆಂದು ನೆಚ್ಚಿ ಕೂರಬಾರದು. ಕಾಡಿನಂಚಿನಲ್ಲಿ ಕರೆ ಸೇರದಿರಬಹುದು, ಬ್ಯಾಟರಿ ಮುಗಿಯಬಹುದು. ತಂದೆ, ತಾಯಿ, ಊರಿನ ಒಬ್ಬ ಹಿರಿಯರ ಫೋನ್ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಡಲಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮನೆಗೆ ಕರೆ ಮಾಡುವುದೆಂದು ಒಪ್ಪಂದವಾಗಲಿ. ನೀವೂ ಗಳಿಗೆಗೊಮ್ಮೆ ಕರೆಮಾಡಿ ಪೀಡಿಸಬೇಡಿರಿ.

ನೀರು, ಊಟ, ಔಷಧಿ

ಹೆಚ್ಚು ಜನ ಸೇರಿದ ಕಡೆ ವಾಂತಿಭೇದಿ ಬೇಗ ಹರಡುತ್ತದೆ. ಕುದಿಸಿ ಆರಿಸಿದ ನೀರನ್ನು ಅಥವಾ ಶುದ್ಧೀಕರಿಸಿದ ನೀರನ್ನೇ ಕುಡಿಯಬೇಕು. ಉಣ್ಣುವ ಮುನ್ನ, ಶೌಚದ ನಂತರ ಸೋಪಿನಿಂದ ಕೈ ತೊಳೆಯಬೇಕು. ಬಿಸಿಯಾದ ಅಡುಗೆಯನ್ನು ಬಿಸಿಯಾಗಿರುವಾಗಲೇ ಉಣ್ಣಬೇಕು; ರಾತ್ರಿ ಉಳಿದ ಬಾಡಿನ ಸಾರನ್ನು ಬೆಳಿಗ್ಗೆಗೆ ಇಟ್ಟುಕೊಳ್ಳಬಾರದು. ಕತ್ತರಿಸಿಟ್ಟು ನೊಣ ಮುತ್ತಿದ ಹಣ್ಣನ್ನು ಕೊಳ್ಳಬಾರದು.

ರುಚಿಯಲ್ಲಾಗಲಿ ವಾಸನೆಯಲ್ಲಾಗಲಿ ಏನಾದರೂ ಭೇದ ಕಂಡರೆ, ಅದು ಪ್ರಸಾದವೇ ಆಗಿರಲಿ, ಉಣ್ಣದೆ ಹಿರಿಯರಿಗೆ ತಿಳಿಸಬೇಕು. 2018ರ ಡಿಸೆಂಬರ್ 14ರಂದು ಅದೇ ಸೀಮೆಯ ಸುಳವಾಡಿಯ ಮಾರಮ್ಮನ ದೇವಸ್ಥಾನದಲ್ಲಿ ವಿಷ ಬೆರೆತ ಪ್ರಸಾದ ತಿಂದು 17 ಜನರು ಮೃತಪಟ್ಟರು. ಅಂತಹ ದುಷ್ಕೃತ್ಯ ದಿನವೂ ನಡೆಯುವುದಿಲ್ಲ. ಆದರೂ ಅನುಮಾನ ಬಂದಾಗ ಬಾಯಿಬಿಟ್ಟು ಹೇಳುವುದು ದೇವರಿಗೆ ಅಪಚಾರವಲ್ಲವೆಂದು ಮಕ್ಕಳಿಗೆ ತಿಳಿದಿರಬೇಕು.

ಚೀಲದಲ್ಲಿ ಓ.ಆರ್.ಎಸ್. ಪೊಟ್ಟಣಗಳಿರಲಿ. ಭೇದಿಯಾದರೆ ಪೊಟ್ಟಣದ ಮೇಲೆ ಬರೆದ ಅಳತೆಯ ಶುದ್ಧ ನೀರಿನಲ್ಲಿ ಕದಡಿ ಸ್ವಲ್ಪಸ್ವಲ್ಪವಾಗಿ ಕುಡಿಯಬೇಕು. ಕದಡಿದ್ದನ್ನು 24 ಗಂಟೆಗಳ ನಂತರ ಬಳಸಬಾರದು. ಪೊಟ್ಟಣವಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ತಲೆತಟ್ಟಿದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕದಡಿದರೂ ಆಗುತ್ತದೆ. ರಕ್ತಭೇದಿಯಾದರೆ, ಕುಡಿದದ್ದೆಲ್ಲ ವಾಂತಿಯಾದರೆ, ಮೂತ್ರ ಕಡಿಮೆಯಾದರೆ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಉಬ್ಬಸ, ಮೂರ್ಛೆರೋಗ, ಸಕ್ಕರೆ ಕಾಯಿಲೆಗಳಿಗೆ ದಿನನಿತ್ಯ ಔಷಧಿ ತೆಗೆದುಕೊಳ್ಳುವ ಮಕ್ಕಳು ಅದನ್ನು ಮರೆಯದೆ ಒಯ್ಯಲಿ; ಜೊತೆಗಾರರಲ್ಲಿ ಒಬ್ಬರಿಗಾದರೂ ಆ ವಿಷಯ ತಿಳಿದಿರಲಿ. ಮೂರ್ಛೆರೋಗವಿರುವವರಿಗೆ ನಿದ್ದೆಗೆಡುವುದು ಒಳ್ಳೆಯದಲ್ಲ. ಅವರು ಒಂದಿಷ್ಟು ಹಾಡು ಕೇಳಿ ಬೇಗ ಮಲಗಲಿ.

ಮಗಳಿಗೆ ಮುಟ್ಟಿನ ದಿನಗಳು ಹತ್ತಿರವಿದ್ದರೆ, ತಾಯಿಯಾದವಳು ನಾಚಿಕೆಪಡದೆ ಅದನ್ನು ಕುರಿತು ಮಾತನಾಡಬೇಕು. ಸಾಕಷ್ಟು ಪ್ಯಾಡುಗಳು ಅಥವಾ ಬಿಸಿಲಿನಲ್ಲಿ ಒಣಗಿಸಿದ ಶುಭ್ರವಾದ ಬಟ್ಟೆ, ಬಳಸಿದ್ದನ್ನು ಸುತ್ತಿಡಲು ಕಾಗದ, ಒಂದು ಜೊತೆ ಹೆಚ್ಚಿನ ಒಳಉಡುಪು ಚೀಲದಲ್ಲಿರಲಿ. ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕೆಂದು ತಿಳಿಸಿರಿ. ಶೌಚಾಲಯ ಚೆನ್ನಾಗಿಲ್ಲವೆಂದು ಹೆಣ್ಣುಮಕ್ಕಳು ನೀರು ಕುಡಿಯುವುದನ್ನೇ ಬಿಡುತ್ತಾರೆ. ಇದರಿಂದ ಉರಿಮೂತ್ರದ ಬಾಧೆಯುಂಟಾಗುತ್ತದೆ.

ಬೇಡವೆನ್ನುವುದನ್ನು ಕಲಿಸಿರಿ

ಜಾತ್ರೆಯಲ್ಲಿ ಬೀಡಿ, ಸಿಗರೇಟು, ಗುಟ್ಕಾ, ಮದ್ಯಗಳು ಗೆಳೆಯರ ಕೈಯಿಂದಲೇ ಬರುತ್ತವೆ. "ಒಂದು ಸಲ ರುಚಿ ನೋಡು" ಎಂಬ ಮಾತಿಗೆ ಏನು ಹೇಳಬೇಕೆಂಬುದನ್ನು ಮನೆಯಲ್ಲಿಯೇ ಹೇಳಿಸಿ ನೋಡಿರಿ. "ನಂಗೆ ಬ್ಯಾಡ ಕಣೋ" ಎಂಬ ಮೂರು ಮಾತು ಸಾಕು, ಕಾರಣ ಕೊಡಬೇಕಾಗಿಲ್ಲ. ತಂದೆಯಾದವನು ತಾನೇ ಜಾತ್ರೆಯಲ್ಲಿ ಕುಡಿದು ಮಗನಿಗೆ ಬುದ್ಧಿ ಹೇಳಿದರೆ ಅದು ಹತ್ತುವುದಿಲ್ಲವೆಂಬುದನ್ನೂ ಇಲ್ಲಿ ನೆನಪಿಸಬೇಕಾಗಿದೆ. ಯಾರಾದರೂ ಕುಡಿದು ಪ್ರಜ್ಞೆ ತಪ್ಪಿದರೆ ಅವನನ್ನು ಒಂದು ಮಗ್ಗುಲಿಗೆ ಮಲಗಿಸಿ, ಒಂಟಿಯಾಗಿ ಬಿಡದೆ 108ಕ್ಕೆ ಕರೆ ಮಾಡಬೇಕು. ಅಂಗಾತ ಮಲಗಿಸಿದರೆ ವಾಂತಿ ಉಸಿರಿನ ನಾಳಕ್ಕೆ ಇಳಿದು ಸಾಯುವ ಸಂಭವವಿದೆ.

ಯಾರೇ ಆಗಲಿ, ಪರಿಚಿತರಾಗಲಿ ಬಂಧುವಾಗಲಿ, ಇಷ್ಟವಿಲ್ಲದಂತೆ ಮೈಮುಟ್ಟಿದರೆ ಅದು ತಪ್ಪು. ಕೂಗಿಕೊಂಡು ಅಲ್ಲಿಂದ ಹೊರಟುಬರಬೇಕು ಎಂದು ಮಗಳಿಗೂ ಮಗನಿಗೂ ಹೇಳಿರಿ. ಜಾತ್ರೆಯ ಗದ್ದಲದಲ್ಲಿ ಹೆಣ್ಣುಮಕ್ಕಳನ್ನು ತಾಕುವುದು, ಚುಡಾಯಿಸುವುದು, ಕೇಳದೆ ಚಿತ್ರ ತೆಗೆಯುವುದು ತಮಾಷೆಯಲ್ಲ, ಅಪರಾಧವೆಂದು ಮಗನಿಗೆ ಸ್ಪಷ್ಟವಾಗಿ ತಿಳಿಸಿರಿ. ಹದಿನೆಂಟು ತುಂಬದ ಗಂಡು ಹೆಣ್ಣುಗಳಿಬ್ಬರಿಗೂ ಲೈಂಗಿಕ ದೌರ್ಜನ್ಯದಿಂದ 2012ರ ಪೋಕ್ಸೋ ಕಾಯಿದೆಯ ರಕ್ಷಣೆಯಿದೆ. ಮಕ್ಕಳ ಸಹಾಯವಾಣಿ 1098, ತುರ್ತು ಸಹಾಯವಾಣಿ 112, ಆಂಬುಲೆನ್ಸ್ 108. ಈ ಮೂರು ಸಂಖ್ಯೆಗಳೂ ಆ ಚೀಟಿಯಲ್ಲಿರಲಿ.

ಎಲ್ಲಕ್ಕಿಂತ ಮುಖ್ಯವಾದ ಮಾತು

ಇದುವರೆಗೆ ಹೇಳಿದ ಎಲ್ಲ ಎಚ್ಚರಿಕೆಗಳಿಗಿಂತಲೂ ಹೆಚ್ಚಾಗಿ ಮಗುವನ್ನು ಕಾಪಾಡುವ ಮಾತೊಂದಿದೆ. ಹೊರಡುವ ಮುನ್ನ ತಂದೆ ತಾಯಿ ಇಬ್ಬರೂ ಜೊತೆಯಲ್ಲಿ ನಿಂತು ಅದನ್ನು ಹೇಳಬೇಕು: "ಏನೇ ಆಗಲಿ, ಎಷ್ಟೊತ್ತೇ ಆಗಲಿ, ನಮಗೆ ಫೋನ್ ಮಾಡು. ನಾವು ಬಂದು ಕರಕೊಂಡು ಬತ್ತೀವಿ. ಅವತ್ತು ನಿನ್ನ ಬೈಯಲ್ಲ."

ಏಕೆಂದರೆ ತೊಂದರೆ ಚಿಕ್ಕದಿರುವಾಗ ಮಗುವಿನ ಬಾಯಿ ಕಟ್ಟುವುದು ಭಯ. ಬಸ್ಸು ತಪ್ಪಿತು, ಹಣ ಕಳೆಯಿತು, ಜೊತೆಯವನು ಕುಡಿದಿದ್ದಾನೆ, ಯಾರೋ ಹಿಂಬಾಲಿಸುತ್ತಿದ್ದಾನೆ. ಮನೆಗೆ ಹೇಳಿದರೆ ಏಟು ಬೀಳುತ್ತದೆಂದು ಹೆದರಿದ ಮಗು ಕುಡಿದವನ ಮೋಟಾರ್ ಸೈಕಲ್ಲನ್ನೇ ಹತ್ತುತ್ತದೆ. ಅಪರಿಚಿತನ ನೆರವನ್ನೇ ಬೇಡುತ್ತದೆ. ಹೇಳಿದರೆ ಕೇಳುವವರಿದ್ದಾರೆಂದು ನಂಬಿದ ಮಗು ಒಂದು ಕರೆಯಿಂದ ಪಾರಾಗುತ್ತದೆ. ಬುದ್ಧಿವಾದಕ್ಕೆ ಮರುದಿನವಿದೆ.

ಕೊಟ್ಟ ಈ ಮಾತನ್ನು ನೀವು ಉಳಿಸಿಕೊಳ್ಳಲೇಬೇಕು. ಒಮ್ಮೆ ನಿಜ ಹೇಳಿದುದಕ್ಕೆ ಹೊಡೆತ ತಿಂದ ಮಗು ಮತ್ತೊಮ್ಮೆ ಹೇಳುವುದಿಲ್ಲ. ವಿಶೇಷವಾಗಿ ಹೆಣ್ಣುಮಕ್ಕಳ ವಿಷಯದಲ್ಲಿ ಇದನ್ನು ಒತ್ತಿ ಹೇಳಬೇಕಾಗಿದೆ. ಮಗಳನ್ನು ಯಾರೋ ಚುಡಾಯಿಸಿದರೆಂದೋ, ಯಾವ ಹುಡುಗನೊಡನೆಯೋ ಮಾತನಾಡಿದಳೆಂದೋ ಕೇಳಿದೊಡನೆ ಓದು ಬಿಡಿಸಿ, ಗಂಡು ನೋಡಲಾರಂಭಿಸುವ ತಂದೆತಾಯಿಯರಿದ್ದಾರೆ. ಇದರಿಂದ ತಪ್ಪು ಮಾಡಿದವನು ಪಾರಾಗುತ್ತಾನೆ, ಮಗಳಿಗೆ ಶಿಕ್ಷೆಯಾಗುತ್ತದೆ. ಹೆಣ್ಣಿಗೆ 18, ಗಂಡಿಗೆ 21 ತುಂಬುವ ಮುನ್ನ ಮದುವೆ ಮಾಡುವುದು ಕಾನೂನಿಗೆ ವಿರುದ್ಧ. ಬಲಿಯದ ದೇಹದಲ್ಲಿ ಗರ್ಭ ನಿಂತರೆ ರಕ್ತಹೀನತೆ, ಕಷ್ಟದ ಹೆರಿಗೆ, ಕಡಿಮೆ ತೂಕದ ಕೂಸು ಎಂಬ ಗಂಡಾಂತರಗಳಿವೆ. ಮಾತನಾಡಿದರೆ ಮದುವೆ ಮಾಡಿಬಿಡುತ್ತಾರೆಂದು ತಿಳಿದ ಮಗಳು ತನ್ನ ಸಂಕಟವನ್ನು ಎಂದಿಗೂ ತಾಯಿಯ ಮುಂದೆ ಬಿಚ್ಚಿಡಲಾರಳು.

ಮರಳಿ ಬಂದ ಮೇಲೆ

ಮಕ್ಕಳು ಬಂದೊಡನೆ ಲೆಕ್ಕ ಕೇಳಬೇಡಿರಿ. ಬಿಸಿನೀರು, ಊಟ, ನಿದ್ದೆ ಆಗಲಿ. ಅನಂತರ, ಯಾವ ಹಾಡು ಕೇಳಿದೆ, ಯಾರು ಅಡುಗೆ ಮಾಡಿದಿರಿ, ಏನು ಕಷ್ಟವಾಯಿತು ಎಂದು ಪ್ರೀತಿಯಿಂದ ವಿಚಾರಿಸಿರಿ. ಹೇಳಿದ ಹೊತ್ತಿಗೆ ಬಂದುದನ್ನು ಮೆಚ್ಚಿಕೊಳ್ಳಿರಿ. ಜ್ವರ, ಭೇದಿ, ಕೆಮ್ಮು ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ.

ಮಗು ಎಂದಿನಂತಿಲ್ಲದೆ ಮಂಕಾಗಿದ್ದರೆ, ಊಟ ನಿದ್ದೆ ಬಿಟ್ಟರೆ, ಒತ್ತಾಯಿಸದೆ ಪಕ್ಕದಲ್ಲಿ ಕುಳಿತು ಕೇಳಿರಿ. ದೌರ್ಜನ್ಯ ನಡೆದಿರುವುದು ತಿಳಿದರೆ ಮಗುವನ್ನು ದೂಷಿಸಬೇಡಿರಿ. ಸ್ನಾನ ಮಾಡಿಸದೆ, ಉಟ್ಟ ಬಟ್ಟೆ ತೊಳೆಯದೆ, ಆದಷ್ಟು ಬೇಗ ಆಸ್ಪತ್ರೆಗೆ ಕರೆತನ್ನಿರಿ. ಅಂತಹ ಮಗುವಿಗೆ ಆಸ್ಪತ್ರೆಗಳು ಉಚಿತವಾಗಿ ಚಿಕಿತ್ಸೆ ನೀಡಬೇಕೆಂದು ಕಾನೂನಿದೆ. ಮೊದಲ ಮೂರು ದಿನಗಳೊಳಗೆ ಬಂದರೆ ಸೋಂಕು ಮತ್ತು ಗರ್ಭಧಾರಣೆಯನ್ನು ತಡೆಯುವ ಔಷಧಿಗಳನ್ನು ಕೊಡಲು ಸಾಧ್ಯವಾಗುತ್ತದೆ. ಹದಿಹರೆಯದವರ ದೇಹ, ಮನಸ್ಸುಗಳಿಗೆ ಸಂಬಂಧಿಸಿದ ಇತರ ಪ್ರಶ್ನೆಗಳಿಗೆ ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್‌ಗಳಲ್ಲಿ ಸಲಹೆ ದೊರೆಯುತ್ತದೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಹತ್ತಿರದ ಕೇಂದ್ರವನ್ನು ತಿಳಿಸುವರು.

ಮಾನ್ಯ ದಂಪತಿಗಳೇ, ಎಳೆಯ ಬಾಳೆಗೆ ಊರುಗೋಲು ಕೊಡುತ್ತೇವೆ. ಗೊನೆ ಬಂದಾಗಲೂ ಕೊಡುತ್ತೇವೆ. ಆದರೆ ಗಿಡ ನಿಲ್ಲುವುದು ತನ್ನ ಬೇರಿನ ಮೇಲೆಯೇ. ಇಂದಲ್ಲ ನಾಳೆ ನಿಮ್ಮ ಮಕ್ಕಳು ನಿಮ್ಮ ಕಣ್ಣಳತೆಯಿಂದಾಚೆ ಹೋಗುವವರೇ. ಓದಿಗೆ, ಉದ್ಯೋಗಕ್ಕೆ, ಸಂಸಾರಕ್ಕೆ ಹೊರಡುವ ಆ ದೊಡ್ಡ ಪ್ರಯಾಣಕ್ಕೆ ಜಾತ್ರೆಯ ಒಂದು ರಾತ್ರಿ ಮೊದಲ ಹೆಜ್ಜೆಯಾಗಲಿ. ಈ ವರ್ಷ ನಿಮ್ಮ ಮಗನೋ ಮಗಳೋ ಬಂದು ಕೇಳಿದಾಗ, ಹೌದು ಅಥವಾ ಇಲ್ಲವೆನ್ನುವ ಮೊದಲು, ಗಂಡಹೆಂಡಿರಿಬ್ಬರೂ ಒಂದು ಸಂಜೆ ಬಿಡುವು ಮಾಡಿಕೊಂಡು ಅವರೊಡನೆ ಕುಳಿತು ಮಾತನಾಡಿರಿ.